ಕಂಟೇನರ್ ಏಳದಿದ್ದಾಗ: ಸಣ್ಣ ವೆಬ್ ಆ್ಯಪ್‌ನ ಡೆವಲಪ್‌ಮೆಂಟ್ ವ್ಯವಸ್ಥೆಗೆ ದೋಷ ನಿವಾರಣೆ ಕೈಪಿಡಿ

ಆ್ಯಪನ್ನೂ ಅದಕ್ಕೆ ಬೇಕಾದದ್ದನ್ನೆಲ್ಲ ಕಂಟೇನರ್ ಎಂಬ ಪ್ರತ್ಯೇಕ ಡಬ್ಬದಲ್ಲಿಟ್ಟು ಓಡಿಸುವ ಸಾಧನ ಡಾಕರ್. ಅದರಲ್ಲಿ ಏನೋ ಕೆಟ್ಟಿದೆ ಎಂದು ಯಾರನ್ನು ಕೇಳಿದರೂ ಮೊದಲು ಸಿಗುವ ಸಲಹೆ ‘ಎಲ್ಲವನ್ನೂ ಅಳಿಸಿ ಹೊಸದಾಗಿ ಕಟ್ಟಿ’ ಎಂಬುದೇ. ವೇಗದ ಇಂಟರ್ನೆಟ್ ಇರುವ ಕಚೇರಿಯಲ್ಲಿ ಅದು ಒಂದು ಲೋಟ ಚಹಾ ಮುಗಿಯುವುದರೊಳಗಿನ ಕೆಲಸ. ಶಿರಸಿಯಿಂದ ಆಚೆಗಿನ ಹಳ್ಳಿಯೊಂದರಲ್ಲಿ, ಮಳೆಗಾಲದ ಗಾಳಿಗೆ ಮರ ಬಿದ್ದು ತಂತಿ ಹರಿದಿರುವಾಗ, ಇನ್ವರ್ಟರ್ ಮತ್ತು ಮೊಬೈಲ್ ಹಾಟ್‌ಸ್ಪಾಟನ್ನು ನಂಬಿಕೊಂಡು ಕುಳಿತವರಿಗೆ ಅದೇ ಸಲಹೆ ಒಂದು ಇಡೀ ದಿನವನ್ನೂ ಆ ದಿನದ ಡೇಟಾ ಪ್ಯಾಕನ್ನೂ ನುಂಗುತ್ತದೆ. ಎಚ್ಚರ ತಪ್ಪಿದರೆ ಡೇಟಾಬೇಸನ್ನೂ ಕಳೆಯುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಅಳಿಸುವ ಮಾತನ್ನು ಸಾಧ್ಯವಾದಷ್ಟು ಕೊನೆಗೆ ಇಟ್ಟಿದ್ದೇನೆ.

ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವ ವ್ಯವಸ್ಥೆ ಸಾಧಾರಣವಾದದ್ದು: 8 ಜಿಬಿ ರ್‍ಯಾಮ್‌ನ ಒಂದು ಕಂಪ್ಯೂಟರ್, ಅದರಲ್ಲಿ ಡಾಕರ್ ಮತ್ತು (ಹಲವು ಕಂಟೇನರ್‌ಗಳನ್ನು ಒಂದೇ ಫೈಲಿನಿಂದ ನಡೆಸುವ) ಕಂಪೋಸ್, ಪೈಥಾನ್‌ನಲ್ಲಿ ಬರೆದ ಒಂದು ವೆಬ್ ಆ್ಯಪ್, ಅದರ ಪಕ್ಕದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್. ಆ್ಯಪ್ ಅಡಿಕೆಯ ತೂಕದ ಲೆಕ್ಕದ್ದಿರಬಹುದು, ಕಾರವಾರದ ಕಡೆಯ ಮೀನು ಹರಾಜಿನ ಲೆಕ್ಕದ್ದಿರಬಹುದು. ಕೆಡುವ ರೀತಿ ಒಂದೇ. ಕನ್ನಡ ಅಕ್ಷರಗಳಲ್ಲಿ ಬರೆದಿರುವ ಕಮಾಂಡ್‌ಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು ಎಂಬುದು ನೆನಪಿರಲಿ.

ಒಂದು ವ್ಯತ್ಯಾಸವನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಇಮೇಜ್ ಎಂದರೆ ಕಂಟೇನರ್ ತಯಾರಾಗುವ ಅಚ್ಚು, ವಾಲ್ಯೂಮ್ ಎಂದರೆ ಕಂಟೇನರಿನ ಹೊರಗೆ ಡೇಟಾ ಉಳಿಯುವ ಜಾಗ. ಇಮೇಜ್ ಹೋದರೆ ಮತ್ತೆ ಇಳಿಸಿಕೊಳ್ಳಬಹುದು, ಕಂಟೇನರ್ ಹೋದರೆ ಮತ್ತೆ ಎಬ್ಬಿಸಬಹುದು, ಆದರೆ ವಾಲ್ಯೂಮ್ ಹೋದರೆ ಅದರಲ್ಲಿದ್ದ ಡೇಟಾ ಹೋದಂತೆಯೇ. ಮುಂದೆ ಬರುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಇದೊಂದು ಮಾತಿನಿಂದಲೇ ಹುಟ್ಟಿದವು.

ಏನನ್ನೂ ಮುಟ್ಟುವ ಮೊದಲು

ಯಾವ ಲಕ್ಷಣ ಕಂಡರೂ ಮೊದಲು ಎರಡು ಕಮಾಂಡ್‌ಗಳನ್ನು ಕೊಡಿ. ಇವೆರಡಕ್ಕೂ ಇಂಟರ್ನೆಟ್ ಬೇಡ, ಇವೆರಡೂ ಏನನ್ನೂ ಬದಲಿಸುವುದಿಲ್ಲ. ‘ಡಾಕರ್ ಕಂಪೋಸ್ ಪಿಎಸ್ -ಎ’ ಎಂದರೆ ನಿಂತುಹೋದವೂ ಸೇರಿ ಎಲ್ಲ ಕಂಟೇನರ್‌ಗಳ ಸ್ಥಿತಿ ಕಾಣುತ್ತದೆ. ಅದರಲ್ಲಿ ಯಾವುದು ನಿಂತಿದೆ ಎಂದು ತಿಳಿದ ಮೇಲೆ ‘ಡಾಕರ್ ಕಂಪೋಸ್ ಲಾಗ್ಸ್’ ಎಂದು ಬರೆದು ಅದರ ಹೆಸರು ಸೇರಿಸಿದರೆ, ಅದು ಬೀಳುವ ಮೊದಲು ಹೇಳಿದ ಮಾತುಗಳೆಲ್ಲ ಸಿಗುತ್ತವೆ. ಲಾಗಿನ ಕೊನೆಯ ಇಪ್ಪತ್ತು ಸಾಲುಗಳನ್ನು ಒಂದು ಫೈಲಿಗೆ ನಕಲು ಮಾಡಿಟ್ಟುಕೊಳ್ಳಿ. ಕಂಟೇನರನ್ನು ಅಳಿಸಿದೊಡನೆ ಅದರ ಲಾಗೂ ಅಳಿಯುತ್ತದೆ, ಆಮೇಲೆ ಯಾರ ಸಹಾಯ ಕೇಳಿದರೂ ತೋರಿಸಲು ಏನೂ ಉಳಿದಿರುವುದಿಲ್ಲ.

‘ರೀಸ್ಟಾರ್ಟಿಂಗ್’ ಎಂಬ ಸ್ಥಿತಿ ಕಂಡರೆ, ಕಂಟೇನರ್ ಬಿದ್ದು ಎದ್ದು ಮತ್ತೆ ಬೀಳುತ್ತಿದೆ ಎಂದರ್ಥ. ಕಂಪೋಸ್ ಫೈಲಿನಲ್ಲಿರುವ ‘ರೀಸ್ಟಾರ್ಟ್’ ಸಾಲನ್ನು ತಾತ್ಕಾಲಿಕವಾಗಿ ತೆಗೆದು ಒಮ್ಮೆ ಮಾತ್ರ ಎಬ್ಬಿಸಿ ನೋಡಿದರೆ, ಮೊದಲ ಸಲ ಬಿದ್ದ ಕಾರಣ ಲಾಗಿನ ಗದ್ದಲದಿಂದ ಬೇರೆಯಾಗಿ ಕಾಣುತ್ತದೆ.

ಲಕ್ಷಣ: ಯಾವ ಕಮಾಂಡ್ ಕೊಟ್ಟರೂ ಡೀಮನ್ ಸಿಗುತ್ತಿಲ್ಲ ಎನ್ನುತ್ತದೆ

ಇದು ಆ್ಯಪಿನ ದೋಷ ಅಲ್ಲ. ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡಬೇಕಾದ ಡಾಕರ್ ಸೇವೆ ಎದ್ದಿಲ್ಲ, ಇಲ್ಲವೇ ಅದರ ಜೊತೆ ಮಾತಾಡಲು ನಿಮಗೆ ಅನುಮತಿಯಿಲ್ಲ. ಲಿನಕ್ಸ್‌ನಲ್ಲಿ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಡಾಕರ್’ ಎಂದು ನೋಡಿ, ನಿಂತಿದ್ದರೆ ಎಬ್ಬಿಸಿ. ಓಡುತ್ತಿದ್ದೂ ‘ಪರ್ಮಿಶನ್ ಡಿನೈಡ್’ ಎಂದು ಬಂದರೆ ನಿಮ್ಮ ಯೂಸರ್ ಹೆಸರು ಡಾಕರ್ ಗುಂಪಿನಲ್ಲಿ ಇಲ್ಲ. ಗುಂಪಿಗೆ ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು. ಡಾಕರ್ ಗುಂಪಿಗೆ ಸೇರಿದವರು ಆ ಕಂಪ್ಯೂಟರಿನಲ್ಲಿ ರೂಟ್ ಎಂಬ ಸರ್ವಾಧಿಕಾರದ ಯೂಸರಿನಷ್ಟೇ ಅಧಿಕಾರ ಪಡೆಯುತ್ತಾರೆ. ಹಲವರು ಬಳಸುವ ಕಂಪ್ಯೂಟರಿನಲ್ಲಿ ಎಲ್ಲರನ್ನೂ ಅದಕ್ಕೆ ಸೇರಿಸಬಾರದು.

ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಸಾಮಾನ್ಯವಾಗಿ ಡಬ್ಲ್ಯುಎಸ್ಎಲ್ 2ರ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಮೇಲೆ ನಿಂತಿರುತ್ತದೆ, ಅದಕ್ಕೆ ಪ್ರೊಸೆಸರಿನ ವರ್ಚುವಲೈಸೇಶನ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಬೇಕು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆರಿಸಿದರೆ ಅದು ಚಾಲೂ ಇದೆಯೋ ಇಲ್ಲವೋ ಕಾಣುತ್ತದೆ. ನಿನ್ನೆಯವರೆಗೆ ಇದ್ದದ್ದು ಇಂದು ಇಲ್ಲವಾಗಿದ್ದರೆ, ಬಯೋಸ್‌ನ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಹೋಗಿವೆ ಎಂದು ಅನುಮಾನಿಸಬೇಕು. ಅದರ ಕಾರಣ ಮುಂದಿನ ಭಾಗದಲ್ಲೇ ಬರುತ್ತದೆ.

ಲಕ್ಷಣ: ಇಮೇಜ್ ಇಳಿಯುತ್ತಿಲ್ಲ

ಮೊದಲು ಗಡಿಯಾರ ನೋಡಿ. ಪರದೆಯ ಮೂಲೆಯಲ್ಲಿರುವ ದಿನಾಂಕ ಸರಿಯಿದೆಯೇ? ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿ ಸಿಆರ್ 2032 ಎಂಬ ಬಿಲ್ಲೆಯಾಕಾರದ 3 ವೋಲ್ಟಿನ ಸೆಲ್ ಇರುತ್ತದೆ. ಅದು ಸತ್ತಿದ್ದರೆ, ರಾತ್ರಿಯಿಡೀ ಕರೆಂಟ್ ಇಲ್ಲದ ಮರುದಿನ ಬೆಳಿಗ್ಗೆ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ದಿನಾಂಕದೊಂದಿಗೆ ಏಳುತ್ತದೆ, ಹಳೆಯ ಬೋರ್ಡ್‌ಗಳಲ್ಲಿ ಬಯೋಸ್ ಸೆಟ್ಟಿಂಗ್‌ಗಳೂ ಅಳಿದಿರುತ್ತವೆ. ಆಗ ಡಾಕರ್, ಸರ್ವರಿನ ಗುರುತನ್ನು ಖಚಿತಪಡಿಸುವ ಸರ್ಟಿಫಿಕೇಟಿನ ಅವಧಿ ಮುಗಿದಿದೆ ಅಥವಾ ಇನ್ನೂ ಆರಂಭವಾಗಿಲ್ಲ ಎಂಬ ‘ಎಕ್ಸ್509’ ದೋಷವನ್ನು ತೋರಿಸುತ್ತದೆ. ಇದನ್ನು ನೆಟ್‌ವರ್ಕಿನ ತೊಂದರೆ ಎಂದು ತಿಳಿದು, ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡಿ ‘ಇನ್‌ಸೆಕ್ಯೂರ್ ರಿಜಿಸ್ಟ್ರಿ’ ಸೇರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಿನಾಂಕ ಸರಿಪಡಿಸಿದರೆ ದೋಷ ತಾನಾಗಿ ಹೋಗುತ್ತದೆ. ಸೆಲ್ ಬದಲಿಸುವಾಗ ಕಂಪ್ಯೂಟರ್ ಆಫ್ ಮಾಡಿ ಗೋಡೆಯ ಪ್ಲಗ್ಗನ್ನೂ ಕಿತ್ತಿರಬೇಕು. ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ಅದನ್ನು ನುಂಗಿದರೆ ಪ್ರಾಣಕ್ಕೇ ಅಪಾಯ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲ್ಯಾಪ್‌ಟಾಪ್ ಆದರೆ ರಿಪೇರಿ ಅಂಗಡಿಗೆ ಕೊಡುವುದೇ ಲೇಸು.

ದಿನಾಂಕ ಸರಿಯಿದ್ದೂ ಇಳಿಯದಿದ್ದರೆ ಸಂದೇಶವನ್ನು ಓದಿ. ‘ಟೂ ಮೆನಿ ರಿಕ್ವೆಸ್ಟ್ಸ್’ ಎಂದಿದ್ದರೆ ತಪ್ಪು ನಿಮ್ಮದಲ್ಲದಿರಬಹುದು. ಇಮೇಜ್‌ಗಳ ಸಾರ್ವಜನಿಕ ಉಗ್ರಾಣವಾದ ಡಾಕರ್ ಹಬ್, ಲಾಗಿನ್ ಆಗದವರ ಡೌನ್‌ಲೋಡ್‌ಗಳನ್ನು ಐಪಿ ವಿಳಾಸದ ಮೇಲೆ ಎಣಿಸುತ್ತದೆ. ಮೊಬೈಲ್ ಜಾಲದಲ್ಲಿ ಒಂದೇ ಹೊರಗಿನ ವಿಳಾಸವನ್ನು ಬಹಳ ಮಂದಿ ಹಂಚಿಕೊಂಡಿರುತ್ತಾರೆ. ಉಚಿತ ಖಾತೆ ತೆರೆದು ‘ಡಾಕರ್ ಲಾಗಿನ್’ ಮಾಡಿದರೆ ಎಣಿಕೆ ನಿಮ್ಮ ಖಾತೆಯ ಮೇಲೆ ನಡೆಯುತ್ತದೆ. ‘ನೋ ಸಚ್ ಹೋಸ್ಟ್’ ಎಂದಿದ್ದರೆ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್ಎಸ್ ಕೆಲಸ ಮಾಡುತ್ತಿಲ್ಲ. ಹಾಟ್‌ಸ್ಪಾಟ್ ಆಫ್ ಮಾಡಿ ಮತ್ತೆ ಆನ್ ಮಾಡುವುದು, ವಿಪಿಎನ್ ಇದ್ದರೆ ತೆಗೆಯುವುದು, ಇವೆರಡನ್ನು ಮೊದಲು ಮಾಡಿ.

ನೆಟ್‌ವರ್ಕ್ ಬರೀ ನಿಧಾನವಾಗಿದ್ದು ಅರ್ಧಕ್ಕೆ ಕಡಿದು ಹೋಗುತ್ತಿದ್ದರೆ, ಡಾಕರ್ ಒಂದೇ ಸಲಕ್ಕೆ ಮೂರು ಪದರಗಳನ್ನು (ಇಮೇಜ್ ಇಂಥ ಹಲವು ತುಂಡುಗಳಿಂದ ಆಗಿರುತ್ತದೆ) ಇಳಿಸಲು ಹೊರಡುತ್ತದೆ ಎಂಬುದನ್ನು ಗಮನಿಸಿ. ಪೂರ್ತಿ ಇಳಿದ ಪದರ ಉಳಿಯುತ್ತದೆ, ಮೂರೂ ಅರ್ಧಂಬರ್ಧವಾಗಿದ್ದರೆ ಮೂರರ ಶ್ರಮವೂ ವ್ಯರ್ಥವಾಗಬಹುದು. ಡೀಮನ್‌ನ ಸೆಟ್ಟಿಂಗ್ ಫೈಲಿನಲ್ಲಿ ‘ಮ್ಯಾಕ್ಸ್ ಕನ್‌ಕರೆಂಟ್ ಡೌನ್‌ಲೋಡ್ಸ್’ ಅನ್ನು 1 ಎಂದು ಇಟ್ಟರೆ ಒಂದೊಂದಾಗಿ ಮುಗಿಯುತ್ತಾ ಬರುತ್ತವೆ.

ಇದಕ್ಕಿಂತ ಒಳ್ಳೆಯ ದಾರಿ ಪೆನ್ ಡ್ರೈವ್. ಶಿರಸಿ ಅಥವಾ ಕುಮಟಾದಂಥ ಪೇಟೆಯಲ್ಲಿ ಫೈಬರ್ ಇರುವ ಗೆಳೆಯರ ಮನೆಯಲ್ಲಿ ಇಮೇಜ್ ಇಳಿಸಿ, ‘ಡಾಕರ್ ಸೇವ್’ ಕಮಾಂಡಿನಿಂದ ಒಂದು ಟಾರ್ ಫೈಲ್ (ಎಲ್ಲವನ್ನೂ ಒಟ್ಟು ಕಟ್ಟಿದ ಒಂದೇ ಫೈಲ್) ಮಾಡಿ ತಂದು, ಮನೆಯಲ್ಲಿ ‘ಡಾಕರ್ ಲೋಡ್’ ಮಾಡಿದರಾಯಿತು; ಒಂದು ಬೈಟ್ ಇಂಟರ್ನೆಟ್ಟೂ ಖರ್ಚಾಗುವುದಿಲ್ಲ. ಎರಡು ಸಂಗತಿ ಗಮನದಲ್ಲಿರಲಿ: ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆದ ಪೆನ್ ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯುವುದಿಲ್ಲ, ಮತ್ತು ಗೆಳೆಯರದು ಹೊಸ ಆ್ಯಪಲ್ ಲ್ಯಾಪ್‌ಟಾಪ್ ಆಗಿದ್ದರೆ ಅದು ತನ್ನ ಆರ್ಮ್ ಪ್ರೊಸೆಸರಿನ ಇಮೇಜನ್ನೇ ಇಳಿಸಿಕೊಂಡಿರುತ್ತದೆ, ಇಳಿಸುವಾಗಲೇ ‘ಪ್ಲಾಟ್‌ಫಾರ್ಮ್’ ಎಂಬ ಆಯ್ಕೆಯಲ್ಲಿ ನಿಮ್ಮ ಕಂಪ್ಯೂಟರಿನ ಜಾತಿಯನ್ನು ಹೇಳಬೇಕು.

ಲಕ್ಷಣ: ಕಂಟೇನರ್ ಎದ್ದ ಕೂಡಲೇ ಬೀಳುತ್ತದೆ

‘ಎಕ್ಸಿಟೆಡ್’ ಎಂಬ ಪದದ ಪಕ್ಕ ಆವರಣದಲ್ಲಿ ಒಂದು ಸಂಖ್ಯೆ ಇರುತ್ತದೆ. ರೋಗಿಯ ಜ್ವರ ನೋಡಿದ ಹಾಗೆ ಇದನ್ನು ಮೊದಲು ನೋಡಬೇಕು.

1 ಎಂದಿದ್ದರೆ ಆ್ಯಪ್ ತಾನೇ ದೋಷ ಹೇಳಿ ನಿಂತಿದೆ, ಉತ್ತರ ಲಾಗಿನಲ್ಲಿದೆ. 126 ಎಂದರೆ ಕರೆದ ಫೈಲ್ ಸಿಕ್ಕಿತು, ಆದರೆ ಓಡಿಸುವ ಅನುಮತಿ ಇರಲಿಲ್ಲ. 127 ಎಂದರೆ ಕರೆದದ್ದು ಸಿಗಲೇ ಇಲ್ಲ. ಈ 127 ಬಹಳ ಮಂದಿಯನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಫೈಲ್ ಕಣ್ಣೆದುರೇ ಇದ್ದರೂ ‘ನೋ ಸಚ್ ಫೈಲ್’ ಎನ್ನುತ್ತದೆ. ಸಾಮಾನ್ಯವಾಗಿ ಕಾರಣ ಎರಡರಲ್ಲೊಂದು. ವಿಂಡೋಸ್‌ನಲ್ಲಿ ತಿದ್ದಿದ ಶೆಲ್ ಸ್ಕ್ರಿಪ್ಟಿನ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಗುರುತು ಸೇರಿರಬಹುದು, ಲಿನಕ್ಸ್ ಅದನ್ನೂ ಹೆಸರಿನ ಭಾಗವೆಂದು ಓದಿ ಅಂಥ ಪ್ರೋಗ್ರಾಂ ಇಲ್ಲ ಎನ್ನುತ್ತದೆ. ಎಡಿಟರಿನ ಕೆಳಪಟ್ಟಿಯಲ್ಲಿ ‘ಸಿಆರ್‌ಎಲ್‌ಎಫ್’ ಎಂದಿರುವುದನ್ನು ‘ಎಲ್‌ಎಫ್’ ಮಾಡಿ ಉಳಿಸಿದರೆ ಸರಿಹೋಗುತ್ತದೆ, ಕೋಡಿನ ಆವೃತ್ತಿಗಳನ್ನು ಕಾಯುವ ಗಿಟ್‌ಗೂ ಅದನ್ನೇ ಹೇಳಿಡಬೇಕು. ಇಲ್ಲವಾದರೆ ಸ್ಕ್ರಿಪ್ಟಿನ ಮೊದಲ ಸಾಲು ‘ಬ್ಯಾಶ್’ ಎಂಬ ಶೆಲ್ ಕೇಳುತ್ತಿದೆ, ಇಮೇಜ್ ಆಲ್ಪೈನ್ ಎಂಬ ಪುಟ್ಟ ಲಿನಕ್ಸಿನದು. ಆಲ್ಪೈನ್‌ನಲ್ಲಿ ಬ್ಯಾಶ್ ತಾನಾಗಿ ಇರುವುದಿಲ್ಲ.

ಆಲ್ಪೈನ್ ಮಾತು ಬಂದದ್ದರಿಂದ ಇಲ್ಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅದು ಕೆಲವೇ ಎಂಬಿಯಷ್ಟು ಹಗುರ, ಡೇಟಾ ಉಳಿತಾಯಕ್ಕೆ ಅದೇ ಸರಿ ಎಂದು ಕಾಣುತ್ತದೆ. ಆದರೆ ಅದು ಬಳಸುವ ಸಿ ಲೈಬ್ರರಿ (ಉಳಿದ ಪ್ರೋಗ್ರಾಂಗಳು ಆತುಕೊಳ್ಳುವ ಮೂಲ ಕೋಡ್) ಮಸಲ್. ಉಳಿದ ಹೆಚ್ಚಿನ ಲಿನಕ್ಸ್‌ಗಳದು ಜಿಲಿಬ್‌ಸಿ. ಮಸಲ್‌ಗೆಂದು ಸಿದ್ಧ ರೂಪ ಕೊಡದ ಪೈಥಾನ್ ಪ್ಯಾಕೇಜನ್ನು ಹಾಕಹೊರಟರೆ, ಅದನ್ನು ಮೂಲದಿಂದ ಕಂಪೈಲ್ ಮಾಡಲು ಕಂಪೈಲರ್ ಸಮೇತ ಎಲ್ಲವನ್ನೂ ಇಳಿಸಬೇಕಾಗುತ್ತದೆ, ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಪೈಥಾನ್ ಆ್ಯಪಿಗೆ ಡೆಬಿಯನ್ ಆಧಾರದ ‘ಸ್ಲಿಮ್’ ಇಮೇಜನ್ನೇ ಆರಿಸಿಕೊಳ್ಳಿ.

137 ಎಂದರೆ 128ಕ್ಕೆ 9 ಸೇರಿದ್ದು, ಅಂದರೆ 9ನೇ ಸಿಗ್ನಲ್ ಕೊಟ್ಟು ಬಲವಂತವಾಗಿ ಕೊಂದದ್ದು. ನೀವೇ ‘ಸ್ಟಾಪ್’ ಕೊಟ್ಟಿದ್ದರೆ ಹೆದರಬೇಕಿಲ್ಲ: ಡಾಕರ್ ಮೊದಲು ಮೆತ್ತಗೆ ಹೇಳಿ, 10 ಸೆಕೆಂಡ್ ಕಾದು, ಕೇಳದಿದ್ದರೆ ಕೊಲ್ಲುತ್ತದೆ. ನೀವು ನಿಲ್ಲಿಸದೆಯೇ 137 ಬಂದರೆ ಬಹುತೇಕ ರ್‍ಯಾಮ್ ಸಾಲದಾಗಿದೆ. ‘ಡಾಕರ್ ಇನ್‌ಸ್ಪೆಕ್ಟ್’ ಮಾಡಿ ‘ಓಓಎಂ ಕಿಲ್ಡ್’ ಎಂಬ ಸಾಲು (ಮೆಮೊರಿ ಸಾಲದೆ ಕೊಂದದ್ದು ಎಂಬ ಗುರುತು) ‘ಟ್ರೂ’ ಆಗಿದೆಯೇ ನೋಡಿ. ಡಬ್ಲ್ಯುಎಸ್ಎಲ್ 2 ತಾನಾಗಿ ಕಂಪ್ಯೂಟರಿನ ಅರ್ಧ ರ್‍ಯಾಮನ್ನು ಮಿತಿಯಾಗಿ ಇಟ್ಟುಕೊಳ್ಳುತ್ತದೆ, ಅಂದರೆ 8 ಜಿಬಿಯಲ್ಲಿ ಕಂಟೇನರ್‌ಗಳಿಗೆಲ್ಲ ಸೇರಿ ಸಿಗುವುದು ಸುಮಾರು 4. ಬ್ರೌಸರಿನ ಟ್ಯಾಬ್ ಮುಚ್ಚುವುದರಿಂದ ಇದು ಬಗೆಹರಿಯುವುದಿಲ್ಲ. ಬೇಡವಾದ ಸೇವೆಗಳನ್ನು ಕಂಪೋಸ್ ಫೈಲಿನಿಂದ ತೆಗೆಯಬೇಕು, ಇಲ್ಲವೇ ಮಿತಿಯನ್ನು ಏರಿಸಬೇಕು.

‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದರೆ ಸಾಮಾನ್ಯವಾಗಿ ಇಮೇಜ್ ಬೇರೆ ಜಾತಿಯ ಪ್ರೊಸೆಸರಿನದು. ನಿನ್ನೆ ಓಡುತ್ತಿದ್ದ ಇಮೇಜೇ ಕರೆಂಟ್ ಹೋಗಿ ಬಂದ ಮೇಲೆ ಹೀಗೆ ಹೇಳಿದರೆ, ಡಿಸ್ಕಿಗೆ ಪೂರ್ತಿ ಬರೆಯುವ ಮೊದಲೇ ವಿದ್ಯುತ್ ನಿಂತು ಒಳಗಿನ ಫೈಲ್ ಖಾಲಿಯಾಗಿರುವ ಸಾಧ್ಯತೆಯಿದೆ. ಆ ಒಂದು ಇಮೇಜನ್ನು ಮಾತ್ರ ‘ಡಾಕರ್ ಆರ್‌ಎಂಐ’ ಮಾಡಿ ಮತ್ತೆ ತನ್ನಿ, ಉಳಿದವನ್ನು ಮುಟ್ಟಬೇಡಿ.

ಲಕ್ಷಣ: ಓಡುತ್ತಿದೆ ಎನ್ನುತ್ತದೆ, ಬ್ರೌಸರಿನಲ್ಲಿ ಪುಟ ಬರುವುದಿಲ್ಲ

‘ಪಿಎಸ್’ ಪಟ್ಟಿಯ ಕೊನೆಯಲ್ಲಿ ಪೋರ್ಟ್‌ಗಳ (ಜಾಲದ ಕರೆ ಒಳಬರುವ, ಸಂಖ್ಯೆ ಇರುವ ಬಾಗಿಲುಗಳು) ಕಾಲಂ ನೋಡಿ. ಬಾಣದ ಗುರುತಿನಲ್ಲಿ ಹೊರಗಿನ ಪೋರ್ಟಿನಿಂದ ಒಳಗಿನ ಪೋರ್ಟಿಗೆ ದಾರಿ ಕಾಣಬೇಕು. ಬಾಣವೇ ಇಲ್ಲದಿದ್ದರೆ ಕಂಪೋಸ್ ಫೈಲಿನಲ್ಲಿ ‘ಪೋರ್ಟ್ಸ್’ ಬರೆದಿಲ್ಲ. ಇಮೇಜ್ ಕಟ್ಟುವ ಕ್ರಮ ಬರೆದ ಡಾಕರ್‌ಫೈಲಿನಲ್ಲಿ ‘ಎಕ್ಸ್‌ಪೋಸ್’ ಎಂದು ಬರೆದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ.

ಬಾಣ ಸರಿಯಿದ್ದೂ ಪುಟ ಬಾರದಿದ್ದರೆ ಆ್ಯಪಿನ ಲಾಗಿನಲ್ಲಿ ಅದು ಯಾವ ವಿಳಾಸದಲ್ಲಿ ಕುಳಿತಿದೆ ಎಂದು ಓದಿ. 127.0.0.1 ಎಂದಿದ್ದರೆ ಅಲ್ಲೇ ದೋಷ. ಕಂಟೇನರಿನೊಳಗಿನ 127.0.0.1 ಆ ಕಂಟೇನರಿಗೆ ಮಾತ್ರ ಸೇರಿದ್ದು, ಹೊರಗಿನಿಂದ ಬಂದ ಕರೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಫ್ಲಾಸ್ಕ್, ಜ್ಯಾಂಗೋ, ವೀಟ್ ಎಲ್ಲವುಗಳ ಡೆವಲಪ್‌ಮೆಂಟ್ ಸರ್ವರ್‌ಗಳೂ ತಾವಾಗಿ ಹೀಗೇ ಏಳುತ್ತವೆ. ಓಡಿಸುವ ಕಮಾಂಡಿನಲ್ಲಿ ಹೋಸ್ಟ್ 0.0.0.0 ಎಂದು (ಯಾವ ಜಾಲದಿಂದ ಬಂದ ಕರೆಯನ್ನೂ ಸ್ವೀಕರಿಸು ಎಂದರ್ಥ) ಕೊಟ್ಟರೆ ಪುಟ ಬರುತ್ತದೆ.

ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂಬ ದೋಷಕ್ಕೆ ಹೆಚ್ಚು ವಿವರಣೆ ಬೇಡ: ಅದೇ ಕಂಪ್ಯೂಟರಿನಲ್ಲಿ ಮೊದಲೇ ಹಾಕಿದ್ದ ಪೋಸ್ಟ್‌ಗ್ರೆಸ್ 5432ರಲ್ಲಿ ಕುಳಿತಿರಬಹುದು, ಮ್ಯಾಕ್ ಆದರೆ 5000ದಲ್ಲಿ ಏರ್‌ಪ್ಲೇ ಕುಳಿತಿರಬಹುದು. ಹೊರಗಿನ ಪೋರ್ಟ್ ಸಂಖ್ಯೆ ಬದಲಿಸಿ ಮುಂದೆ ಹೋಗಿ.

ಇಲ್ಲೊಂದು ಭದ್ರತೆಯ ಎಚ್ಚರಿಕೆ ಇದೆ. ‘5432:5432’ ಎಂದಷ್ಟೇ ಬರೆದರೆ ಡೇಟಾಬೇಸ್ ನಿಮ್ಮ ಕಂಪ್ಯೂಟರಿನ ಎಲ್ಲ ಜಾಲಗಳಿಗೂ ತೆರೆದುಕೊಳ್ಳುತ್ತದೆ. ಗೋಕರ್ಣದ ಯಾವುದೋ ಹೋಮ್‌ಸ್ಟೇ ವೈಫೈನಲ್ಲಿ ಕುಳಿತಿದ್ದರೆ ಅಲ್ಲಿರುವ ಯಾರಿಗಾದರೂ ಆ ಬಾಗಿಲು ಸಿಗಬಹುದು. ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೇನೆ ಎಂಬ ಧೈರ್ಯವೂ ಸಾಲದು, ಡಾಕರ್ ತೆರೆಯುವ ಪೋರ್ಟ್‌ಗಳು ಅದರ ನಿಯಮಗಳನ್ನು ದಾಟಿ ಹೋಗುತ್ತವೆ. ‘127.0.0.1:5432:5432’ ಎಂದು ಬರೆಯಿರಿ. ಆ್ಯಪ್ ಕಂಟೇನರಿಗೆ ಮಾತ್ರ ಡೇಟಾಬೇಸ್ ಬೇಕಿದ್ದರೆ ಆ ಸಾಲೇ ಬೇಡ.

ಲಕ್ಷಣ: ಆ್ಯಪಿಗೆ ಡೇಟಾಬೇಸ್ ಸಿಗುತ್ತಿಲ್ಲ

‘ಕನೆಕ್ಷನ್ ರೆಫ್ಯೂಸ್ಡ್’ ಎಂದಿದ್ದರೆ ಆ್ಯಪಿನ ಸೆಟ್ಟಿಂಗಿನಲ್ಲಿ ಡೇಟಾಬೇಸಿನ ವಿಳಾಸ ‘ಲೋಕಲ್‌ಹೋಸ್ಟ್’ ಎಂದಿದೆಯೇ ನೋಡಿ. ಕಂಟೇನರಿಗೆ ಲೋಕಲ್‌ಹೋಸ್ಟ್ ಎಂದರೆ ತಾನೇ. ಕಂಪೋಸ್ ಫೈಲಿನಲ್ಲಿ ಡೇಟಾಬೇಸ್ ಸೇವೆಗೆ ‘ಡಿಬಿ’ ಎಂದು ಹೆಸರಿಟ್ಟಿದ್ದರೆ ವಿಳಾಸವೂ ‘ಡಿಬಿ’ ಎಂದೇ ಇರಬೇಕು, ಪೋರ್ಟ್ ಒಳಗಿನ 5432 ಆಗಿರಬೇಕು.

ಮೊದಲ ಸಲ ಬಿದ್ದು ಎರಡನೆಯ ಸಲ ಓಡಿದರೆ ಅದು ಹೊತ್ತಿನ ಸಮಸ್ಯೆ. ‘ಡಿಪೆಂಡ್ಸ್ ಆನ್’ ಎಂದು ಬರೆದರೆ ಡೇಟಾಬೇಸ್ ಕಂಟೇನರ್ ಹೊರಟಿತೇ ಎಂದು ಮಾತ್ರ ಕಂಪೋಸ್ ನೋಡುತ್ತದೆ, ಅದು ಕರೆ ಸ್ವೀಕರಿಸಲು ಸಿದ್ಧವಾಯಿತೇ ಎಂದು ನೋಡುವುದಿಲ್ಲ. ‘ಪಿಜಿ ಈಸ್‌ರೆಡಿ’ ಬಳಸಿ ಡೇಟಾಬೇಸ್ ಸಿದ್ಧವೇ ಎಂದು ಪರೀಕ್ಷಿಸುವ ಹೆಲ್ತ್‌ಚೆಕ್ ಬರೆದು, ‘ಸರ್ವಿಸ್ ಹೆಲ್ದಿ’ ಎಂಬ ಷರತ್ತು ಹಾಕಿದರೆ ಇದು ಶಾಶ್ವತವಾಗಿ ಹೋಗುತ್ತದೆ.

ಪಾಸ್‌ವರ್ಡ್ ತಪ್ಪು ಎನ್ನುವ ದೋಷ ಇನ್ನೊಂದು ಬಗೆಯದು. ಕಂಪೋಸ್ ಫೈಲಿನಲ್ಲಿ ಹೊಸ ಪಾಸ್‌ವರ್ಡ್ ಬರೆದಿದ್ದೀರಿ, ಎರಡೂ ಕಡೆ ಒಂದೇ ಇದೆ, ಆದರೂ ಒಳಗೆ ಬಿಡುತ್ತಿಲ್ಲ. ಪೋಸ್ಟ್‌ಗ್ರೆಸ್ ಇಮೇಜ್ ಆ ಪಾಸ್‌ವರ್ಡನ್ನು ಓದುವುದು ವಾಲ್ಯೂಮ್ ಖಾಲಿಯಿದ್ದಾಗ, ಮೊದಲ ಸಲ ಮಾತ್ರ. ಆಮೇಲೆ ಬದಲಿಸಬೇಕಾದದ್ದು ಡೇಟಾಬೇಸಿನ ಒಳಗೆ, ‘ಆಲ್ಟರ್ ರೋಲ್’ ಕಮಾಂಡಿನಿಂದ. ‘ಡೌನ್ -ವಿ’ ಮಾಡಿದರೆ ಸರಿಹೋಗುತ್ತದೆ ಎಂದು ಹೇಳುವವರು ನಿಮ್ಮ ವಾಲ್ಯೂಮನ್ನೇ ಅಳಿಸಲು ಹೇಳುತ್ತಿದ್ದಾರೆ. ಆ ‘-ವಿ’ಯ ಅರ್ಥ ಅದೇ.

ಲಕ್ಷಣ: ಕೋಡ್ ತಿದ್ದಿದರೂ ಪುಟ ಬದಲಾಗುತ್ತಿಲ್ಲ

ಫೋಲ್ಡರನ್ನು ಕಂಟೇನರಿಗೆ ಜೋಡಿಸಿದ್ದೀರೋ, ಇಮೇಜ್ ಕಟ್ಟುವಾಗ ನಕಲು ಮಾತ್ರ ಮಾಡಿದ್ದೀರೋ ನೋಡಿ. ಎರಡನೆಯದಾದರೆ ಪ್ರತಿ ಸಲ ಮತ್ತೆ ಕಟ್ಟಬೇಕು. ಜೋಡಿಸಿದ್ದೂ ಬದಲಾಗದಿದ್ದರೆ, ಮತ್ತು ಕಂಪ್ಯೂಟರ್ ವಿಂಡೋಸ್ ಆಗಿದ್ದರೆ, ಕೋಡ್ ಸಿ ಡ್ರೈವಿನಲ್ಲಿರುವುದು ಕಾರಣವಾಗಿರಬಹುದು. ಅಲ್ಲಿನ ಬದಲಾವಣೆಯ ಸುದ್ದಿ ಡಬ್ಲ್ಯುಎಸ್ಎಲ್ ಒಳಗಿನ ಲಿನಕ್ಸ್‌ಗೆ ತಲುಪುವುದಿಲ್ಲ, ಓದುವುದೂ ನಿಧಾನ. ಪ್ರಾಜೆಕ್ಟನ್ನು ಲಿನಕ್ಸ್‌ನ ಹೋಮ್ ಫೋಲ್ಡರಿಗೆ ಸಾಗಿಸಿ. ಫೋಲ್ಡರ್ ಜೋಡಿಸಿದ ಮೇಲೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಪ್ಯಾಕೇಜ್‌ಗಳೆಲ್ಲ ಮಾಯವಾದರೆ, ಹೊರಗಿನ ಫೋಲ್ಡರ್ ಒಳಗಿನದನ್ನು ಮರೆ ಮಾಡಿದೆ. ‘ನೋಡ್ ಮಾಡ್ಯೂಲ್ಸ್’ ಫೋಲ್ಡರಿಗೆ ಪ್ರತ್ಯೇಕ ವಾಲ್ಯೂಮ್ ಕೊಡಿ.

ಲಕ್ಷಣ: ಕನ್ನಡ ಅಕ್ಷರ ಕೆಟ್ಟಿದೆ, ದಿನಾಂಕ ಹಿಂದೆ ಬಿದ್ದಿದೆ

ನಮ್ಮ ಆ್ಯಪ್‌ಗಳಲ್ಲಿ ಇದು ಬಂದೇ ಬರುವ ತೊಂದರೆ, ಇಂಗ್ಲಿಷ್ ಕೈಪಿಡಿಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಅಕ್ಷರ ಯಾವ ರೀತಿ ಕೆಟ್ಟಿದೆ ಎಂಬುದರಲ್ಲೇ ಕಾರಣವಿದೆ.

‘ರಾಶಿ ಅಡಿಕೆ’ ಎಂದು ಬರೆದ ಕಡೆ ಪ್ರಶ್ನೆಚಿಹ್ನೆಗಳ ಸಾಲು ಕಂಡರೆ ಮಾತ್ರ ಗಾಬರಿಪಡಬೇಕು, ಅದೂ ಪರೀಕ್ಷಿಸಿದ ಮೇಲೆ. ಪೋಸ್ಟ್‌ಗ್ರೆಸ್ ಬದಲು ಮೈಎಸ್‌ಕ್ಯುಎಲ್ ಡೇಟಾಬೇಸ್ ಬಳಸುವವರು ಆ ಕಾಲಂ ಅನ್ನು ‘ಹೆಕ್ಸ್’ (ಒಳಗಿನ ಬೈಟ್‌ಗಳನ್ನು ಇದ್ದಂತೆ ತೋರಿಸುವ ಕ್ರಿಯೆ) ಮಾಡಿ ನೋಡಿ. ಎಲ್ಲ ಭಾಷೆಗಳ ಅಕ್ಷರಗಳನ್ನು ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತಿಗೆ 3 ಬೈಟ್, ಅವು ಇ0ಬಿ2 ಅಥವಾ ಇ0ಬಿ3 ಎಂದು ಆರಂಭವಾಗುತ್ತವೆ. ಹಾಗೆ ಕಂಡರೆ ಡೇಟಾ ಸುರಕ್ಷಿತ, ತೋರಿಸುವ ಕ್ಲೈಂಟಿನ ಕ್ಯಾರೆಕ್ಟರ್ ಸೆಟ್ ಮಾತ್ರ ತಪ್ಪು. ಕಂಟೇನರಿನೊಳಗಿನ ಟರ್ಮಿನಲ್‌ನಿಂದ ನೋಡುವಾಗ ಹೀಗಾಗುವುದು ಸಾಮಾನ್ಯ. 3ಎಫ್ 3ಎಫ್ ಎಂದು ಕಂಡರೆ ಪ್ರಶ್ನೆಚಿಹ್ನೆಯೇ ಉಳಿತಾಯವಾಗಿದೆ, ಮೂಲ ಅಕ್ಷರ ಮರಳಿ ಬರುವುದಿಲ್ಲ. ಆಗ ಹೊಸ ನಮೂದುಗಳನ್ನು ತಕ್ಷಣ ನಿಲ್ಲಿಸಿ, ಟೇಬಲ್ ಮತ್ತು ಕನೆಕ್ಷನ್ ಎರಡನ್ನೂ ‘ಯುಟಿಎಫ್8ಎಂಬಿ4’ಗೆ ತಂದ ಮೇಲೆಯೇ ಮುಂದುವರಿಸಿ.

ಪ್ರಶ್ನೆಚಿಹ್ನೆ ಇರದೆ ಖಾಲಿ ಚೌಕಗಳು ಕಂಡರೆ, ಅದೂ ಆ್ಯಪ್ ತಯಾರಿಸಿದ ಪಿಡಿಎಫ್ ರಸೀದಿಯಲ್ಲಿ ಮಾತ್ರ ಕಂಡರೆ, ಇಮೇಜಿನಲ್ಲಿ ಕನ್ನಡ ಫಾಂಟ್ ಇಲ್ಲ. ಸ್ಲಿಮ್ ಇಮೇಜ್‌ಗಳಲ್ಲಿ ಫಾಂಟ್‌ಗಳನ್ನು ಹಾಕಿರುವುದಿಲ್ಲ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟ್‌ಗಳು ಪ್ಯಾಕೇಜ್ ರೂಪದಲ್ಲೇ ಸಿಗುತ್ತವೆ. ಡಾಕರ್‌ಫೈಲಿಗೆ ಒಂದು ಸಾಲು ಸೇರಿಸಿದರೆ ಸಾಕು. ಅಕ್ಷರಗಳು ಬಂದಿವೆ, ಆದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದೆ ಎಂದಾದರೆ ಫಾಂಟ್ ಹಾಕಿ ಪ್ರಯೋಜನವಿಲ್ಲ. ಆ ಪಿಡಿಎಫ್ ಲೈಬ್ರರಿಗೆ ಅಕ್ಷರ ಜೋಡಿಸುವ ವಿದ್ಯೆ ಗೊತ್ತಿಲ್ಲ; ಪ್ಯಾಂಗೋ ಮತ್ತು ಹಾರ್ಫ್‌ಬಜ್ ಆಧಾರದ, ಉದಾಹರಣೆಗೆ ವೀಸಿಪ್ರಿಂಟ್‌ನಂಥ, ಲೈಬ್ರರಿಗೆ ಬದಲಿಸಬೇಕು.

ಕಂಟೇನರಿನ ಗಡಿಯಾರ ತಾನಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ಅಂದರೆ ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ಹಗಲಿನ ನಮೂದುಗಳಲ್ಲಿ ಇದು ಗಂಟೆಯ ವ್ಯತ್ಯಾಸ ಮಾತ್ರ. ನಸುಕಿನ 5 ಗಂಟೆಗೆ ದೋಣಿ ಬಂದು ಬಂಗಡೆಯ ಲೆಕ್ಕ ಬರೆದುಕೊಂಡರೆ ಅದು ಹಿಂದಿನ ದಿನದ ಖಾತೆಗೆ ಬೀಳುತ್ತದೆ, ದಿನದ ಮೊತ್ತಗಳೇ ತಾಳೆಯಾಗುವುದಿಲ್ಲ. ಉಳಿಸುವಾಗ ಯುಟಿಸಿಯಲ್ಲೇ ಉಳಿಸಿ, ದಿನ ಲೆಕ್ಕ ಹಾಕುವಾಗ ಮತ್ತು ತೋರಿಸುವಾಗ ಏಷ್ಯಾ/ಕೋಲ್ಕತಾ ವಲಯಕ್ಕೆ ತಿರುಗಿಸಿ. ಆಲ್ಪೈನ್‌ನಲ್ಲಿ ‘ಟಿಜೆಡ್’ ಎಂದು ಬರೆದರೂ ಪರಿಣಾಮವಾಗದಿದ್ದರೆ ‘ಟಿಜೆಡ್‌ಡೇಟಾ’ ಪ್ಯಾಕೇಜ್ ಇಲ್ಲ ಎಂದು ತಿಳಿಯಿರಿ.

ಲಕ್ಷಣ: ಡಿಸ್ಕ್ ತುಂಬಿದೆ

‘ಡಾಕರ್ ಸಿಸ್ಟಮ್ ಡಿಎಫ್’ ಎಂದರೆ ಇಮೇಜ್, ಕಂಟೇನರ್, ವಾಲ್ಯೂಮ್, ಬಿಲ್ಡ್ ಕ್ಯಾಶ್ (ಇಮೇಜ್ ಕಟ್ಟುವಾಗ ಮುಂದಿನ ಸಲಕ್ಕೆಂದು ಉಳಿಸಿಕೊಂಡ ತುಂಡುಗಳು) ಯಾವುದು ಎಷ್ಟು ಹಿಡಿದಿದೆ ಎಂದು ತೋರಿಸುತ್ತದೆ. ಮೊದಲು ಬಿಲ್ಡ್ ಕ್ಯಾಶನ್ನು ‘ಡಾಕರ್ ಬಿಲ್ಡರ್ ಪ್ರೂನ್’ನಿಂದ ಕಡಿಮೆ ಮಾಡಿ, ಆಮೇಲೆ ಹೆಸರು ಕಳೆದುಕೊಂಡ ಇಮೇಜ್‌ಗಳನ್ನು ‘ಡಾಕರ್ ಇಮೇಜ್ ಪ್ರೂನ್’ನಿಂದ ತೆಗೆಯಿರಿ. ಅದಕ್ಕೆ ‘-ಎ’ ಸೇರಿಸಿದರೆ ಈಗ ಬಳಕೆಯಲ್ಲಿಲ್ಲದ ಎಲ್ಲ ಇಮೇಜ್‌ಗಳೂ ಹೋಗುತ್ತವೆ, ಅವನ್ನೆಲ್ಲ ಮತ್ತೆ ಇಳಿಸುವ ಡೇಟಾ ನಿಮ್ಮಲ್ಲಿದೆಯೇ ಎಂದು ಮೊದಲು ಯೋಚಿಸಿ. ವಾಲ್ಯೂಮ್ ಎಂಬ ಪದವಿರುವ ಯಾವ ಪ್ರೂನ್ ಕಮಾಂಡನ್ನೂ, ಬ್ಯಾಕಪ್ ಕೈಯಲ್ಲಿಲ್ಲದೆ ಕೊಡಬೇಡಿ.

ಲಕ್ಷಣ: ಕರೆಂಟ್ ಹೋಗಿ ಬಂದ ಮೇಲೆ ಡೇಟಾಬೇಸ್ ಏಳುತ್ತಿಲ್ಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಇದನ್ನು ನಿರೀಕ್ಷಿಸಿಯೇ ಇರಬೇಕು. ಗುಡುಗು-ಸಿಡಿಲು ನಡೆಯುತ್ತಿರುವಾಗ ಕಂಪ್ಯೂಟರಿನ ಪ್ಲಗ್, ಇಂಟರ್ನೆಟ್ಟಿನ ತಂತಿ ಎರಡನ್ನೂ ಬಿಡಿಸಿಡಿ. ಮಿಂಚು ನಿಲ್ಲುವವರೆಗೆ ದೋಷ ಹುಡುಕುವ ಕೆಲಸ ಬೇಡ. ಕರೆಂಟ್ ಬಂದು ಹೋಗುತ್ತಿದ್ದರೆ ಅದು ನೆಲೆನಿಲ್ಲುವವರೆಗೆ ಕಾಯಿರಿ. ಕಂಪ್ಯೂಟರ್ ಆನ್ ಮಾಡಿದಾಗ ಸುಟ್ಟ ವಾಸನೆ ಬಂದರೆ ಆಫ್ ಮಾಡಿ ಪ್ಲಗ್ ಕಿತ್ತು ರಿಪೇರಿಯವರನ್ನು ಕರೆಯಿರಿ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಡಬ್ಬವನ್ನು ಎಂದಿಗೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಈಗ ಪೋಸ್ಟ್‌ಗ್ರೆಸ್ ಲಾಗ್ ಓದಿ. ಡೇಟಾಬೇಸನ್ನು ಸರಿಯಾಗಿ ಮುಚ್ಚಿರಲಿಲ್ಲ, ‘ಆಟೊಮ್ಯಾಟಿಕ್ ರಿಕವರಿ ಇನ್ ಪ್ರೋಗ್ರೆಸ್’ ಎಂದು ಕಂಡರೆ ಅದು ಒಳ್ಳೆಯ ಲಕ್ಷಣ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಒಂದು ದಿನಚರಿಯಲ್ಲಿ ಬರೆದಿಡುತ್ತದೆ, ಎದ್ದಾಗ ಅದನ್ನು ಓದಿಕೊಂಡು ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಹೊತ್ತು ಹಿಡಿಯಬಹುದು. ಈ ಹೊತ್ತಿನಲ್ಲಿ ಕಂಟೇನರನ್ನು ಕೊಲ್ಲುವುದು, ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುವುದು ಬೇಡ. ‘ರೆಡಿ ಟು ಆ್ಯಕ್ಸೆಪ್ಟ್ ಕನೆಕ್ಷನ್ಸ್’ ಎಂಬ ಸಾಲು ಬಂದರೆ ಕೆಲಸ ಮುಗಿಯಿತು, ತಕ್ಷಣ ‘ಪಿಜಿ ಡಂಪ್’ (ಡೇಟಾಬೇಸಿನ ನಕಲು) ತೆಗೆದು ಬೇರೆ ಡಿಸ್ಕಿನಲ್ಲಿಡಿ.

ಡೇಟಾಬೇಸ್ ಫೈಲ್‌ಗಳು ಈ ಸರ್ವರಿಗೆ ಹೊಂದುವುದಿಲ್ಲ ಎಂಬ ಸಂದೇಶ ಬಂದರೆ ಅದಕ್ಕೆ ಕರೆಂಟ್ ಕಾರಣವಲ್ಲ. ಕಂಪೋಸ್ ಫೈಲಿನಲ್ಲಿ ‘ಲೇಟೆಸ್ಟ್’ ಎಂದು ಬರೆದಿದ್ದು, ಇಮೇಜನ್ನು ಮತ್ತೆ ಇಳಿಸುವಾಗ ಹೊಸ ಮುಖ್ಯ ಆವೃತ್ತಿ ಬಂದಿದೆ. ಹಳೆಯ ಸಂಖ್ಯೆಯ ಇಮೇಜಿಗೆ ಮರಳಿ, ಅಲ್ಲಿ ಡಂಪ್ ತೆಗೆದು, ಹೊಸ ಆವೃತ್ತಿಗೆ ಹೊಸ ವಾಲ್ಯೂಮ್ ಕೊಟ್ಟು ತುಂಬಬೇಕು. 18ನೇ ಆವೃತ್ತಿಯ ಇಮೇಜಿನಲ್ಲಿ ವಾಲ್ಯೂಮ್ ಜೋಡಿಸಬೇಕಾದ ಫೋಲ್ಡರ್ ಕೂಡ ಬದಲಾಗಿದೆ ಎಂಬುದನ್ನು ಗಮನಿಸಿ. ಆವೃತ್ತಿಯ ಸಂಖ್ಯೆಯನ್ನು ಯಾವಾಗಲೂ ಬರೆದೇ ಇಡಿ.

‘ಕುಡ್ ನಾಟ್ ಲೊಕೇಟ್ ಎ ವ್ಯಾಲಿಡ್ ಚೆಕ್‌ಪಾಯಿಂಟ್ ರೆಕಾರ್ಡ್’ ಎಂದು ಬಂದರೆ ಇಲ್ಲಿಗೆ ನಿಲ್ಲಿಸಿ. ಸರಿಪಡಿಸಿಕೊಳ್ಳಬೇಕಾದ ದಿನಚರಿಯೇ ಕೆಟ್ಟಿದೆ ಎಂದರ್ಥ. ಹುಡುಕಿದರೆ ‘ಪಿಜಿ ರೀಸೆಟ್‌ವಾಲ್’ ಓಡಿಸಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದು ದಿನಚರಿಯನ್ನು ಎಸೆದು ಡೇಟಾಬೇಸನ್ನು ಹೇಗೋ ಎಬ್ಬಿಸುತ್ತದೆ, ಒಳಗಿನ ಲೆಕ್ಕ ಸರಿಯಿದೆ ಎಂಬ ಭರವಸೆ ಮಾತ್ರ ಉಳಿಯುವುದಿಲ್ಲ. ‘ಪೋಸ್ಟ್‌ಮಾಸ್ಟರ್.ಪಿಐಡಿ’ ಫೈಲನ್ನು (ಡೇಟಾಬೇಸ್ ಓಡುತ್ತಿದೆ ಎಂಬ ಗುರುತು) ಅಳಿಸುವ ಸಲಹೆಯೂ ಹೀಗೆಯೇ ಅಪಾಯದ್ದು. ಅದೇ ವಾಲ್ಯೂಮನ್ನು ಇನ್ನೊಂದು ಕಂಟೇನರ್ ಹಿಡಿದಿದ್ದರೆ ಎರಡೂ ಒಟ್ಟಿಗೆ ಬರೆದು ಡೇಟಾ ಹಾಳಾಗುತ್ತದೆ. ಈ ಹಂತದಲ್ಲಿ ಮಾಡಬೇಕಾದ ಕೆಲಸ ಒಂದೇ: ಡೇಟಾಬೇಸ್ ಕಂಟೇನರನ್ನು ನಿಲ್ಲಿಸಿ, ಅದೇ ವಾಲ್ಯೂಮನ್ನು ಓದಲು ಮಾತ್ರ ಬರುವಂತೆ ಒಂದು ಸಣ್ಣ ಆಲ್ಪೈನ್ ಕಂಟೇನರಿಗೆ ಜೋಡಿಸಿ, ಅದರೊಳಗಿನಿಂದ ಇಡೀ ಫೋಲ್ಡರನ್ನು ಟಾರ್ ಮಾಡಿ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳುವುದು. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಅದನ್ನೂ ಮಾಡದೆ ಕಂಪ್ಯೂಟರ್ ಆಫ್ ಮಾಡಿ, ಡೇಟಾ ಮರಳಿ ಪಡೆಯುವವರಲ್ಲಿಗೆ ಒಯ್ಯಿರಿ.

ಸಹಾಯ ಕೇಳುವಾಗ

ಪೋಸ್ಟ್‌ಗ್ರೆಸ್ ಬಲ್ಲವರಿಗೆ ‘ಡಾಕರ್ ಏಳುತ್ತಿಲ್ಲ’ ಎಂದು ಬರೆದರೆ ಅವರು ಮೊದಲು ಕೇಳುವುದು ನೀವು ಆಗಲೇ ನಕಲು ಮಾಡಿಟ್ಟ ಸಾಲುಗಳನ್ನೇ. ‘ಪಿಎಸ್ -ಎ’ ಪಟ್ಟಿ, ಲಾಗಿನ ಕೊನೆಯ ಭಾಗ, ಡಾಕರ್ ಮತ್ತು ಪೋಸ್ಟ್‌ಗ್ರೆಸ್ ಆವೃತ್ತಿಗಳು, ಕೊನೆಯ ಸಲ ಸರಿಯಾಗಿ ಓಡಿದ ಮೇಲೆ ಏನು ಬದಲಾಯಿತು ಎಂಬ ಎರಡು ಸಾಲು, ಇಷ್ಟನ್ನು ಫೋಟೋ ತೆಗೆಯದೆ ಅಕ್ಷರ ರೂಪದಲ್ಲೇ ಕಳಿಸಿ. ‘ಡಾಕರ್ ಕಂಪೋಸ್ ಕಾನ್ಫಿಗ್’ನ ಫಲಿತಾಂಶವನ್ನೂ ಸೇರಿಸುವುದಾದರೆ ಮೊದಲು ಪೂರ್ತಿ ಓದಿ: ಗುಟ್ಟಿನ ಸೆಟ್ಟಿಂಗ್‌ಗಳನ್ನು ಬರೆದಿಡುವ ನಿಮ್ಮ ‘.ಎನ್ವ್’ ಫೈಲಿನ ಪಾಸ್‌ವರ್ಡ್‌ಗಳು ಮತ್ತು ಕೀಲಿಗಳು ಅದರಲ್ಲಿ ಬಿಚ್ಚಿದ ರೂಪದಲ್ಲೇ ಇರುತ್ತವೆ, ಅವನ್ನು ಅಳಿಸಿದ ಮೇಲೆಯೇ ಕಳಿಸಬೇಕು. ತಪ್ಪಿ ಕಳಿಸಿಬಿಟ್ಟಿದ್ದರೆ ಸಂದೇಶವನ್ನು ಡಿಲೀಟ್ ಮಾಡಿದರೆ ಸಾಲದು, ಆ ಪಾಸ್‌ವರ್ಡ್‌ಗಳನ್ನು ಅಂದೇ ಬದಲಿಸಿ.